ಕೈಹಿಡಿದು ನಡೆಸುವ ವಿದ್ಯೆ

(ಟ್ರಸ್ಟಿನ ವಾರ್ಷಿಕ ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ನಿವೃತ್ತ ಪ್ರೌಢಶಾಲಾ ಶಿಕ್ಷಕರೂ ನಮ್ಮ ಆಯ್ಕೆ ಸಮಿತಿಯ ಸದಸ್ಯರೂ ಆದವರು ಮಾಡಿದ ಭಾಷಣದ ಬರಹರೂಪ)

ಮಾಸ್ಟ್ರ ಕೈಗೆ ಮೈಕ್ ಸಿಕ್ಕಿದರೆ ಪೀರಿಯಡ್ ಮುಗಿದರೂ ಬಿಡುವುದಿಲ್ಲ ಎಂಬ ಹೆದರಿಕೆ ನಿಮಗಿರಬಹುದು. ಲುಹರ್ ನಮಾಜಿಗೆ ಮೊದಲು ಮುಗಿಸುತ್ತೇನೆ. ಇವತ್ತು ವಿದ್ಯೆಯ ಮಹತ್ವ ಎಂದು ಸಾಮಾನ್ಯವಾಗಿ ಮಾತಾಡುವ ಬದಲು ಒಂದೇ ಒಂದು ಕೋರ್ಸಿನ ಬಗ್ಗೆ ಮಾತಾಡುತ್ತೇನೆ. ಅದಕ್ಕೆ ಕಾರಣ ಇದೆ.

ಈ ಸಲದ ಸಂದರ್ಶನಕ್ಕೆ ಒಬ್ಬ ರಿಕ್ಷಾ ಚಾಲಕರು ಮಗಳನ್ನು ಕರೆದುಕೊಂಡು ಬಂದಿದ್ದರು. ಮಗಳು ವಿಜ್ಞಾನದಲ್ಲಿ ಪಿಯುಸಿ ಮುಗಿಸಿದವಳು. ತಂದೆ ಮೊಬೈಲ್ ತೆಗೆದು ಅಮೆರಿಕದಲ್ಲಿರುವ ಸಂಬಂಧಿಕರು ಕಳಿಸಿದ ವಾಯ್ಸ್ ಮೆಸೇಜ್ ಕೇಳಿಸಿದರು. ‘ಇಲ್ಲಿ ಎರಡು ವರ್ಷ ಓದಿದರೆ ಫಿಸಿಕಲ್ ಥೆರಪಿಸ್ಟ್ ಅಸಿಸ್ಟೆಂಟ್ ಆಗಬಹುದು, ಒಳ್ಳೆಯ ಕೆಲಸ, ಮಗಳಿಗೆ ಅದನ್ನೇ ಓದಿಸಿ’ ಎಂದು ಅದರಲ್ಲಿತ್ತು. ‘ಇದು ಎಂತ ಕೋರ್ಸ್ ಮಾಸ್ಟ್ರೇ? ನಮ್ಮಲ್ಲಿ ಎಲ್ಲಿ ಸಿಗುತ್ತದೆ?’ ಎಂದು ಅವರು ಕೇಳಿದರು. ಸಮಿತಿಯಲ್ಲಿ ಕುಳಿತಿದ್ದ ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆಗ ಹುಡುಗಿ ತಲೆ ತಗ್ಗಿಸಿ ಮೆಲ್ಲಗೆ, ‘ಸರ್, ಅದು ಮಸಾಜ್ ಮಾಡುವ ಕೆಲಸವಾ?’ ಎಂದು ಕೇಳಿದಳು.

ಆ ಪ್ರಶ್ನೆ ನನಗೆ ಎದೆಗೆ ತಾಗಿತು. ಯಾಕೆಂದರೆ ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಅದೇ ಮಾತನ್ನು ಉತ್ತರವಾಗಿ ಹೇಳಿದವನು ನಾನು.

ಆಗ ನಾನು ಪ್ರೌಢಶಾಲೆಯಲ್ಲಿ ಗಣಿತ, ವಿಜ್ಞಾನ ಹೇಳಿಕೊಡುತ್ತಿದ್ದೆ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಪಿಯುಸಿ ಮುಗಿಸಿ ತಂದೆಯ ಜೊತೆ ಮನೆಗೆ ಬಂದಳು. ಫಿಸಿಯೋಥೆರಪಿ ಓದಬೇಕೆಂದು ಅವಳ ಆಸೆ. ತಂದೆಗೆ ಆ ಹೆಸರೇ ಹೊಸದು. ಮಾಸ್ಟ್ರು ಹೇಳಿದರೆ ಸೇರಿಸುತ್ತೇನೆ ಎಂದರು. ನನಗೂ ಆ ಕೋರ್ಸಿನ ಬಗ್ಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳಿದ್ದರೆ ಆಗುತ್ತಿತ್ತು. ಮಾಸ್ಟ್ರಾದವನಿಗೆ ಹಾಗೆ ಹೇಳಲು ನಾಲಗೆ ಬರುವುದಿಲ್ಲ ನೋಡಿ. ‘ಅದು ಕೈಕಾಲು ತಿಕ್ಕುವ ಕೆಲಸ. ಹೆಣ್ಣು ಮಗು, ಯಾರ್ಯಾರನ್ನೋ ಮುಟ್ಟಬೇಕು. ಬೇಡ. ಡಿಗ್ರಿ ಮಾಡಿಸಿ, ಆಮೇಲೆ ಬಿ.ಎಡ್. ಮಾಡಲಿ’ ಎಂದುಬಿಟ್ಟೆ. ಅವರು ನನಗೆ ಉಪಕಾರ ಹೇಳಿ ಹೋದರು. ಆಕೆ ಡಿಗ್ರಿಗೆ ಸೇರಿದಳು, ಎರಡನೇ ವರ್ಷದಲ್ಲಿ ಮದುವೆಯಾಯಿತು, ಓದು ಅಲ್ಲಿಗೆ ನಿಂತಿತು. ನಾನು ಆ ವಿಷಯವನ್ನು ಮರೆತೇಬಿಟ್ಟಿದ್ದೆ.

ನಾಲ್ಕು ವರ್ಷಗಳ ಹಿಂದೆ ನನ್ನ ಮನೆಯವಳು ಸುಬಹಿ ನಮಾಜಿಗೆ ವುಳೂ ಮಾಡಲು ಹೋದವಳು ಬಚ್ಚಲಿನಲ್ಲಿ ಕುಸಿದಳು. ಬಲಗೈ, ಬಲಗಾಲು ಎರಡೂ ಬಿದ್ದುಹೋದವು. ಸ್ಟ್ರೋಕ್, ಅಂದರೆ ಮೆದುಳಿನ ಪಾರ್ಶ್ವವಾಯು. ಆಸ್ಪತ್ರೆಯ ಡಾಕ್ಟರು ಜೀವ ಉಳಿಸಿದರು, ಅಲ್‌ಹಮ್ದುಲಿಲ್ಲಾಹ್. ಮೂರನೇ ದಿನ ಫಿಸಿಯೋಥೆರಪಿ ವಿಭಾಗದಿಂದ ಒಬ್ಬ ಯುವಕ ಬಂದರು. ತುಂಬಾ ಮರ್ಯಾದೆಯ ಹುಡುಗ. ಆದರೆ ಇವಳು ಹೊದಿಕೆಯನ್ನು ಕುತ್ತಿಗೆವರೆಗೆ ಎಳೆದುಕೊಂಡು ಗೋಡೆಯ ಕಡೆ ಮುಖ ತಿರುಗಿಸಿದಳು. ಪರಪುರುಷ ಮುಟ್ಟುವುದು ಬೇಡ ಎಂದು ಹಠ. ಅವರು ದಿನಾ ಬಂದರು, ಇವಳು ದಿನಾ ‘ನಾಳೆ’ ಎಂದಳು. ಆ ಹೊತ್ತಿಗೆ ಅಲ್ಲಿ ಕಳಿಸಲು ಬೇರೆ ಮಹಿಳೆಯರು ಇರಲಿಲ್ಲ. ಹಾಗೆ ಹತ್ತು ದಿನ ಹೋಯಿತು. ಔಷಧ ಕೊಡುತ್ತಿದ್ದಾರಲ್ಲ, ಅಷ್ಟು ಸಾಕು ಎಂದು ನಾನೂ ಸುಮ್ಮನಿದ್ದೆ. ಸ್ಟ್ರೋಕ್ ಆದ ಮೊದಲ ವಾರಗಳು, ಮೊದಲ ತಿಂಗಳುಗಳು ಎಷ್ಟು ಬೆಲೆಬಾಳುವವು ಎಂದು ನನಗೆ ಆಮೇಲೆ ತಿಳಿಯಿತು. ಕಳೆದುಕೊಂಡ ಆ ಹತ್ತು ದಿನ ಈಗಲೂ ನನ್ನನ್ನು ಕಾಡುತ್ತದೆ.

ಮನೆಗೆ ಬಂದ ಮೇಲೆ ಪರಿಚಯದವರ ಮೂಲಕ ಒಬ್ಬ ಮಹಿಳಾ ಫಿಸಿಯೋಥೆರಪಿಸ್ಟ್ ಸಿಕ್ಕಿದರು. ವಾರಕ್ಕೆ ಮೂರು ದಿನ ಸ್ಕೂಟರಿನಲ್ಲಿ ಬರುತ್ತಿದ್ದರು. ಮೊದಲ ದಿನ ಆಕೆ ವ್ಯಾಯಾಮ ಶುರುಮಾಡಲಿಲ್ಲ. ಮಂಚದ ಪಕ್ಕ ಕುರ್ಚಿ ಎಳೆದು ಕುಳಿತು, ‘ಅಮ್ಮ, ನಿಮಗೆ ಮೊದಲು ಯಾವ ಕೆಲಸ ಮಾಡಲು ಆಗಬೇಕು?’ ಎಂದು ಕೇಳಿದರು. ನಡೆಯಬೇಕು ಎನ್ನುತ್ತಾಳೆ ಎಂದು ನಾನು ಅಂದುಕೊಂಡಿದ್ದೆ. ಇವಳು ತೊದಲುತ್ತಾ ಹೇಳಿದ್ದು, ‘ಬಲಗೈಯಲ್ಲಿ ಉಣ್ಣಬೇಕು.’ ಎಡಗೈಯಲ್ಲಿ ತುತ್ತು ತೆಗೆದುಕೊಳ್ಳುವಾಗಲೆಲ್ಲ ಅವಳಿಗೆ ಎಷ್ಟು ಸಂಕಟವಾಗುತ್ತಿತ್ತು ಎಂದು ಜೊತೆಗೇ ಕುಳಿತು ಉಣ್ಣುತ್ತಿದ್ದ ನನಗೆ ಗೊತ್ತಾಗಿರಲಿಲ್ಲ. ಆಕೆ ಅದನ್ನು ತನ್ನ ಪುಸ್ತಕದಲ್ಲಿ ಚಿಕಿತ್ಸೆಯ ಗುರಿ ಎಂದು ಬರೆದುಕೊಂಡರು.

ಇನ್ನೊಂದು ಸಂಗತಿ. ನಾನು ಇವಳನ್ನು ಎಬ್ಬಿಸುವಾಗ ಬಿದ್ದುಹೋದ ಬಲಗೈಯನ್ನೇ ಹಿಡಿದು ಎಳೆಯುತ್ತಿದ್ದೆ. ಆಕೆ ತಕ್ಷಣ ತಡೆದರು. ‘ಮಾಸ್ಟ್ರೇ, ಭುಜದ ಕೀಲನ್ನು ಹಿಡಿದಿಡುವ ಸ್ನಾಯುಗಳಿಗೆ ಈಗ ಬಲ ಇಲ್ಲ. ಎಳೆದರೆ ಕೀಲು ಸರಿಯಬಹುದು, ನೋವು ಉಳಿದುಬಿಡಬಹುದು’ ಎಂದರು. ಪಕ್ಕಕ್ಕೆ ಹೊರಳಿಸಿ, ಕಾಲು ಕೆಳಗೆ ಇಳಿಸಿ, ಬೆನ್ನಿಗೆ ಕೈಕೊಟ್ಟು ಕೂರಿಸುವುದನ್ನು ನನಗೂ ಸೊಸೆಗೂ ಕಲಿಸಿದರು. ಇಲ್ಲಿ ಕುಳಿತವರ ಮನೆಯಲ್ಲಿ ಇಂಥ ರೋಗಿಗಳಿದ್ದರೆ ಇದೊಂದು ಮಾತನ್ನಾದರೂ ನೆನಪಿಟ್ಟುಕೊಂಡು ಹೋಗಿ.

ಒಂದು ದಿನ ಆಕೆ ಇವಳ ಬೆರಳುಗಳನ್ನು ನೋಡಿ ಪುಸ್ತಕದಲ್ಲಿ ‘1’ ಎಂದು ಬರೆದರು. ಏನೆಂದು ಕೇಳಿದೆ. ಸ್ನಾಯುವಿನ ಬಲಕ್ಕೆ ಸೊನ್ನೆಯಿಂದ ಐದರವರೆಗೆ ಅಂಕ ಕೊಡುತ್ತಾರೆ. ಏನೂ ಅಲುಗದಿದ್ದರೆ ಸೊನ್ನೆ. ಸ್ನಾಯು ಸ್ವಲ್ಪ ಮಿಡಿದರೆ ಒಂದು. ಭೂಮಿಯ ಸೆಳೆತ ಅಡ್ಡಬರದ ಹಾಗೆ ಇಟ್ಟಾಗ ಚಲಿಸಿದರೆ ಎರಡು. ಆ ಸೆಳೆತಕ್ಕೆ ಎದುರಾಗಿ ಎತ್ತಿದರೆ ಮೂರು. ಸ್ವಲ್ಪ ಒತ್ತಡ ತಡೆದುಕೊಂಡರೆ ನಾಲ್ಕು. ಪೂರ್ತಿ ಬಲ ಇದ್ದರೆ ಐದು. ನಾನು 34 ವರ್ಷ ಅಂಕ ಕೊಟ್ಟವನು. ‘ಐದಕ್ಕೆ ಒಂದು ಅಂದರೆ ಫೇಲಲ್ಲವಾ?’ ಎಂದೆ. ‘ಹೋದ ವಾರ ಸೊನ್ನೆ ಇತ್ತು ಮಾಸ್ಟ್ರೇ’ ಎಂದರು ಆಕೆ.

ಆಮೇಲೆ ಚೀಲದಿಂದ ಒಂದು ಸಾಧನ ತೆಗೆದು ಮೊಣಕೈ ಎಷ್ಟು ಮಡಚುತ್ತದೆ ಎಂದು ಅಳೆದರು. ಗೋನಿಯೋಮೀಟರ್ ಎಂದು ಅದರ ಹೆಸರು. ನೋಡಿದರೆ ನಮ್ಮ ಕಂಪಾಸು ಪೆಟ್ಟಿಗೆಯ ಕೋನಮಾಪಕವೇ, ಅದಕ್ಕೆ ಎರಡು ಉದ್ದ ಪಟ್ಟಿ. ‘ಸರ್, ಕೋನ ಅಳೆದು ಏನು ಪ್ರಯೋಜನ?’ ಎಂದು ಎಂಟನೇ ತರಗತಿಯ ಮಕ್ಕಳು ಎಷ್ಟೋ ಸಲ ಕೇಳಿದ್ದರು. ಆ ಪ್ರಶ್ನೆಗೆ ಸರಿಯಾದ ಉತ್ತರ ನನಗೆ ನಿವೃತ್ತಿಯಾದ ಮೇಲೆ ನನ್ನ ಮನೆಯಲ್ಲೇ ಸಿಕ್ಕಿತು. ಕೈ ಬಾಯಿಗೆ ಮುಟ್ಟಬೇಕಾದರೆ ಮೊಣಕೈ ಇಷ್ಟು ಡಿಗ್ರಿ ಮಡಚಬೇಕು, ಮೆಟ್ಟಿಲು ಹತ್ತಲು ಮೊಣಕಾಲು ಇಷ್ಟು ಮಡಚಬೇಕು ಎಂಬ ಲೆಕ್ಕದ ಮೇಲೆ ಚಿಕಿತ್ಸೆ ನಡೆಯುತ್ತದೆ. ಇದನ್ನು ನಾನು ತಿಕ್ಕುವ ಕೆಲಸ ಎಂದಿದ್ದೆ!

ಇವತ್ತು ನನ್ನ ಮನೆಯವಳು ಕೋಲು ಹಿಡಿದು ಅಂಗಳದವರೆಗೆ ನಡೆಯುತ್ತಾಳೆ. ಬಲಗೈಯಲ್ಲಿ ಪುಂಡಿ ಮುರಿದು ತಿನ್ನುತ್ತಾಳೆ. ಗಂಜಿಗೆ ಮಾತ್ರ ಚಮಚ ಬೇಕು. ಪೂರ್ತಿ ಗುಣವಾಗಿದೆ ಎಂದು ನಾನು ಹೇಳುವುದಿಲ್ಲ.

ಆ ದಿನಗಳಲ್ಲಿ ರೋಗಿಯನ್ನು ನೋಡಲು ಬಂದವರಲ್ಲಿ ನನ್ನ ಆ ಹಳೆಯ ವಿದ್ಯಾರ್ಥಿನಿಯೂ ಇದ್ದಳು. ಈಗ ಮಕ್ಕಳ ತಾಯಿ. ಮನೆಯಲ್ಲಿ ಬಟ್ಟೆ ಹೊಲಿಯುತ್ತಾಳೆ. ಹೊಲಿಗೆ ಮರ್ಯಾದೆಯ ದುಡಿಮೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆಕೆ ಕೇಳಿಕೊಂಡು ಬಂದದ್ದು ಅದಲ್ಲವಲ್ಲ. ಅವಳು ಬಂದ ಹೊತ್ತಿಗೆ ಫಿಸಿಯೋಥೆರಪಿಸ್ಟ್ ಕೂಡ ಇದ್ದರು. ಇವಳು ಮಂಚದ ಪಕ್ಕ ಕುಳಿತು ಒಂದರ ಮೇಲೊಂದು ಪ್ರಶ್ನೆ ಕೇಳುತ್ತಾ ಹೋದಳು. ಹೀಗೆ ಯಾಕೆ ಹಿಡಿಯಬೇಕು, ಈ ಸ್ನಾಯು ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಎಷ್ಟು ಸಲ ಮಾಡಿಸಬೇಕು ಎಂದು. ಹೊರಡುವಾಗ ನನಗೆ ಸಲಾಂ ಹೇಳಿದಳು. ಹಳೆಯ ಮಾತು ಎತ್ತಲಿಲ್ಲ. ಎತ್ತಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತೋ ಏನೋ.

ಆದ್ದರಿಂದ ಈ ಸಲ ರಿಕ್ಷಾ ಚಾಲಕರ ಮಗಳಿಗೆ ನಾನು ಉತ್ತರ ಕೊಡಲಿಲ್ಲ. ‘ಒಂದು ವಾರ ಸಮಯ ಕೊಡಮ್ಮ, ತಿಳಿದುಕೊಂಡು ಹೇಳುತ್ತೇನೆ’ ಎಂದೆ. ತಿಳಿದುಕೊಂಡದ್ದನ್ನು ನಿಮ್ಮೆಲ್ಲರ ಮುಂದೆ ಇಡುತ್ತೇನೆ.

ಮೊದಲು ಅಮೆರಿಕದ ವಿಷಯ. ಅಲ್ಲಿ ಈ ವೃತ್ತಿಗೆ ಎರಡು ಮೆಟ್ಟಿಲು ಇವೆ. ಮೇಲಿನದು ಫಿಸಿಕಲ್ ಥೆರಪಿಸ್ಟ್. ಅದಕ್ಕೆ ಅಲ್ಲಿ ಪದವಿಯ ಮೇಲೆ ಸುಮಾರು ಮೂರು ವರ್ಷದ ವೃತ್ತಿ ಡಾಕ್ಟರೇಟ್ ಓದಬೇಕು. ರೋಗಿಯನ್ನು ಪರೀಕ್ಷಿಸಿ ಚಿಕಿತ್ಸೆಯ ಯೋಜನೆ ಬರೆಯುವವರು ಅವರು. ಎರಡನೆಯದು ಅಸಿಸ್ಟೆಂಟ್. ಥೆರಪಿಸ್ಟ್ ಬರೆದ ಯೋಜನೆಯ ಪ್ರಕಾರ, ಅವರ ಮೇಲ್ವಿಚಾರಣೆಯಲ್ಲಿ ರೋಗಿಗೆ ವ್ಯಾಯಾಮ ಮಾಡಿಸುವುದು, ನಡಿಗೆ ಕಲಿಸುವುದು, ಪ್ರಗತಿಯನ್ನು ಬರೆದಿಡುವುದು ಅವರ ಕೆಲಸ. ಯೋಜನೆಯನ್ನು ತಾವಾಗಿಯೇ ಬದಲಾಯಿಸುವ ಅಧಿಕಾರ ಅವರಿಗಿಲ್ಲ. ಥೆರಪಿಸ್ಟ್‌ಗಳ ಕೊರತೆಯಾದಾಗ ಹುಟ್ಟಿದ ಹುದ್ದೆ ಇದು. 1967ರಲ್ಲಿ ಫ್ಲಾರಿಡಾ ಮತ್ತು ಮಿನೆಸೋಟ ರಾಜ್ಯಗಳ ಎರಡು ಕಾಲೇಜುಗಳಲ್ಲಿ ಇದರ ಕೋರ್ಸ್ ಶುರುವಾಗಿ, 1969ರಲ್ಲಿ ಮೊದಲ 15 ಮಂದಿ ಹೊರಬಂದರು. ಈಗಲೂ ಅದು ಸುಮಾರು ಎರಡು ವರ್ಷದ ಓದು. ಅದರೊಳಗೆ ಹಲವು ವಾರ ಆಸ್ಪತ್ರೆಯಲ್ಲಿ ತರಬೇತಿ. ಕಾಲೇಜಿಗೆ ‘ಕ್ಯಾಪ್ಟಿ’ ಎಂಬ ಸಂಸ್ಥೆಯ ಮಾನ್ಯತೆ ಇರಬೇಕು. ಆಮೇಲೆ ರಾಷ್ಟ್ರಮಟ್ಟದ ಪರೀಕ್ಷೆ, ನಂತರ ಕೆಲಸ ಮಾಡುವ ರಾಜ್ಯದ ಪರವಾನಗಿ.

ಹಾಗಾಗಿ ಆ ಸಂಬಂಧಿಕರು ಹೇಳಿದ್ದು ಸುಳ್ಳಲ್ಲ. ಅಲ್ಲೇ ನೆಲೆಸಿದ ಮಕ್ಕಳಿಗೆ ಅದು ಒಳ್ಳೆಯ ದಾರಿ. ಆದರೆ ಅದು ಅಲ್ಲಿಯ ಕಾಲೇಜು, ಅಲ್ಲಿಯ ಪರೀಕ್ಷೆ, ಅಲ್ಲಿಯ ಪರವಾನಗಿ. ಇಲ್ಲಿ ಯಾರಾದರೂ ‘ಆರು ತಿಂಗಳ ಥೆರಪಿ ಅಸಿಸ್ಟೆಂಟ್ ಕೋರ್ಸ್, ಫಾರಿನ್ ಕೆಲಸ ಗ್ಯಾರಂಟಿ’ ಎಂದು ಕರಪತ್ರ ಹಂಚಿದರೆ ದಯವಿಟ್ಟು ದುಡ್ಡು ಕಟ್ಟಬೇಡಿ. ಆ ಸರ್ಟಿಫಿಕೇಟಿನಿಂದ ಅಲ್ಲಿ ಪರವಾನಗಿ ಸಿಗುವುದಿಲ್ಲ.

ಇನ್ನು ನಮ್ಮ ದಾರಿ. ಇಲ್ಲಿ ಗಟ್ಟಿಯಾದ ದಾರಿ ಬಿ.ಪಿ.ಟಿ., ಅಂದರೆ ಫಿಸಿಯೋಥೆರಪಿ ಪದವಿ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಬೇಕು. ಇದುವರೆಗೆ ನಾಲ್ಕು ವರ್ಷದ ಓದು, ಆರು ತಿಂಗಳ ಇಂಟರ್ನ್‌ಶಿಪ್ ಎಂದಿತ್ತು. ಕೇಂದ್ರ ಸರ್ಕಾರ 2021ರಲ್ಲಿ ಕಾಯ್ದೆ ಮಾಡಿ ಇಂಥ ಆರೋಗ್ಯ ವೃತ್ತಿಗಳಿಗೆಂದೇ ಒಂದು ರಾಷ್ಟ್ರೀಯ ಆಯೋಗ ರಚಿಸಿದೆ. ಆಯೋಗದ ಹೊಸ ಪಠ್ಯಕ್ರಮದ ಪ್ರಕಾರ ಒಂದು ವರ್ಷದ ಇಂಟರ್ನ್‌ಶಿಪ್ ಸೇರಿ ಒಟ್ಟು ಐದು ವರ್ಷ. ಪ್ರವೇಶ ಪರೀಕ್ಷೆಯ ನಿಯಮಗಳೂ ಬದಲಾಗುತ್ತಿವೆ. ಪಕ್ಕದ ಮನೆಯ ಹುಡುಗ ಹೋದ ವರ್ಷ ಹೇಗೆ ಸೇರಿದ ಎಂಬುದನ್ನು ನಂಬಿ ಕೂರಬೇಡಿ. ನೀವು ಅರ್ಜಿ ಹಾಕುವ ವರ್ಷದ ಪ್ರಕಟಣೆಯನ್ನೇ ಓದಿ.

ಓದು ಸುಲಭವಲ್ಲ. ಮೊದಲ ವರ್ಷವೇ ಅಂಗರಚನಾಶಾಸ್ತ್ರ. 206 ಮೂಳೆಗಳು, ಅವುಗಳಿಗೆ ಅಂಟಿದ ಸ್ನಾಯುಗಳು, ನರಗಳು. ಆಮೇಲೆ ಶರೀರಕ್ರಿಯೆ, ವ್ಯಾಯಾಮ ಚಿಕಿತ್ಸೆ, ವಿದ್ಯುತ್ ಚಿಕಿತ್ಸೆ. ಸನ್ನೆಕೋಲು, ಬಲ, ಭಾರಕೇಂದ್ರ ಎಂದು ನಾವು ಶಾಲೆಯಲ್ಲಿ ಹೇಳಿದ್ದೆಲ್ಲ ಅಲ್ಲಿ ಮನುಷ್ಯನ ಮೈಯಲ್ಲೇ ಬರುತ್ತದೆ. ಮೂಳೆ, ನರ, ಹೃದಯ, ಶ್ವಾಸಕೋಶ, ಮಕ್ಕಳ ಕಾಯಿಲೆ ಎಂದು ಒಂದೊಂದು ವಿಭಾಗದಲ್ಲಿ ರೋಗಿಗಳನ್ನು ನೋಡಬೇಕು. ದಿನವಿಡೀ ನಿಂತು, ಬಗ್ಗಿ, ರೋಗಿಯ ಭಾರ ಹೊತ್ತು ಮಾಡುವ ಕೆಲಸ. ನಿನ್ನೆ ಮಾಡಿಸಿದ್ದನ್ನೇ ಇವತ್ತೂ ಮಾಡಿಸುವ ತಾಳ್ಮೆ ಬೇಕು. ಆರಂಭದ ಸಂಬಳವೂ ದೊಡ್ಡದಿಲ್ಲ, ಇದನ್ನು ಮುಚ್ಚಿಡಬಾರದು. ಅನುಭವ ಬಂದಂತೆ, ಸ್ವಂತ ಕ್ಲಿನಿಕ್ ಮಾಡಿದಂತೆ ಪರಿಸ್ಥಿತಿ ಸುಧಾರಿಸುತ್ತದೆ. ಗಲ್ಫಿಗೆ ಹೋಗುವವರು ಅಲ್ಲಿಯ ಆರೋಗ್ಯ ಇಲಾಖೆಯ ಪರವಾನಗಿ ಪರೀಕ್ಷೆ ಬರೆಯಬೇಕು.

ಕೆಲಸಕ್ಕೆ ಮಾತ್ರ ಬರಗಾಲ ಇಲ್ಲ. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ತರಗತಿಗೊಬ್ಬರಾದರೂ ಪೋಲಿಯೋ ಆದ ಮಕ್ಕಳು ಇರುತ್ತಿದ್ದರು. ಕಾಲಿಗೆ ಕಬ್ಬಿಣದ ಪಟ್ಟಿ ಕಟ್ಟಿಕೊಂಡು ಬರುತ್ತಿದ್ದರು. 2014ರಲ್ಲಿ ನಮ್ಮ ದೇಶ ಪೋಲಿಯೋಮುಕ್ತ ಎಂದು ಘೋಷಣೆಯಾಯಿತು. ಆದರೆ ಈಗ ಬೈಕ್ ಅಪಘಾತ, ಸ್ಟ್ರೋಕ್, ಮೊಣಕಾಲಿನ ಸವೆತ, ಹುಟ್ಟುವಾಗಲೇ ಮೆದುಳಿಗೆ ಪೆಟ್ಟು ಬಿದ್ದ ಮಕ್ಕಳು. ಇಷ್ಟು ಮನೆಗಳಲ್ಲಿ ಮಂಚ ಹಿಡಿದವರಲ್ಲಿ ಹೆಂಗಸರೂ ಇದ್ದಾರೆ. ನನ್ನ ಮನೆಯವಳ ಹಾಗೆ ಗೋಡೆಯ ಕಡೆ ಮುಖ ತಿರುಗಿಸಿ ‘ನಾಳೆ’ ಎನ್ನುವವರು ಎಷ್ಟು ಜನರೋ. ಹೆಣ್ಣು ಮಕ್ಕಳಿಗೆ ಹೆಣ್ಣು ಚಿಕಿತ್ಸಕರೇ ಬೇಕು ಎನ್ನುತ್ತೇವೆ, ನಮ್ಮ ಹೆಣ್ಣು ಮಕ್ಕಳು ಆ ವಿದ್ಯೆ ಕಲಿಯುವುದು ಬೇಡ ಎನ್ನುತ್ತೇವೆ. ಎರಡೂ ಒಟ್ಟಿಗೆ ಹೇಗೆ ಸಾಧ್ಯ? ಗಂಡು ಮಕ್ಕಳೇ, ಇದು ನಿಮಗಲ್ಲ ಎಂದು ಹೇಳುತ್ತಿಲ್ಲ. ಹತ್ತು ದಿನ ಬೇಸರಿಸದೆ ಬಂದು ಹೋದ ಆ ಯುವಕನನ್ನೂ ನಾನು ಮರೆತಿಲ್ಲ.

ಹೆತ್ತವರಿಗೆ ಮೂರು ಮಾತು. ಒಂದು, ಸೇರಿಸುವ ಮೊದಲು ಯಾವುದಾದರೂ ಆಸ್ಪತ್ರೆಯಲ್ಲಿ ಅನುಮತಿ ಕೇಳಿ, ಮಗುವನ್ನು ಫಿಸಿಯೋಥೆರಪಿ ವಿಭಾಗದಲ್ಲಿ ಒಂದು ದಿನ ಕೂರಿಸಿ ಕೆಲಸ ತೋರಿಸಿ. ಎರಡು, ಕಾಲೇಜು ಯಾವ ವಿಶ್ವವಿದ್ಯಾಲಯಕ್ಕೆ ಸೇರಿದೆ, ನಮ್ಮ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವೋ ಮಾನ್ಯತೆ ಪಡೆದ ಬೇರೆ ವಿಶ್ವವಿದ್ಯಾಲಯವೋ, ರೋಗಿಗಳು ಬರುವ ಆಸ್ಪತ್ರೆ ಅದಕ್ಕೆ ಇದೆಯೋ ಎಂದು ನೋಡಿ. ರೋಗಿಗಳಿಲ್ಲದ ಕಡೆ ಈ ವಿದ್ಯೆ ಕಲಿಯುವುದು ನೀರಿಲ್ಲದ ಕಡೆ ಈಜು ಕಲಿತ ಹಾಗೆ. ಮೂರು, ಐದೂ ವರ್ಷದ ಖರ್ಚನ್ನು ಒಂದು ಹಾಳೆಯಲ್ಲಿ ಬರೆಯಿರಿ. ಫೀಸು, ಹಾಸ್ಟೆಲ್, ಬಸ್, ಪುಸ್ತಕ, ಪರೀಕ್ಷಾ ಶುಲ್ಕ ಎಲ್ಲವನ್ನೂ. ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ‘ಅರಿವು’ ಶಿಕ್ಷಣ ಸಾಲದಲ್ಲಿ ನಿಮ್ಮ ಕೋರ್ಸ್ ಸೇರಿದೆಯೇ ಎಂದು ನಿಗಮದ ಕಚೇರಿಯಲ್ಲೇ ಕೇಳಿ. ಆ ಹಾಳೆಯನ್ನು ನಮ್ಮ ಅರ್ಜಿಯ ಜೊತೆ ಇಡಿ. ಕೊರತೆ ಎಷ್ಟೆಂದು ಗೊತ್ತಾದರೆ ಸಮಿತಿಗೂ ಸಹಾಯ ಮಾಡಲು ಸುಲಭ.

ದಾನಿಗಳಲ್ಲಿ ನನ್ನದು ಒಂದೇ ವಿನಂತಿ. ನಾವು ಸಾಮಾನ್ಯವಾಗಿ ಮೊದಲ ವರ್ಷದ ಫೀಸಿಗೆ ಕೈ ಎತ್ತಿ ಕೊಡುತ್ತೇವೆ. ಸೀಟು ಸಿಕ್ಕಿದ ಸಂತೋಷ ಎಲ್ಲರಿಗೂ ಇರುತ್ತದೆ. ಮಗು ಎಡವುವುದು ಎರಡನೇ, ಮೂರನೇ ವರ್ಷದಲ್ಲಿ. ಎಲ್ಲಕ್ಕಿಂತ ಕಷ್ಟ ಕೊನೆಯ ಇಂಟರ್ನ್‌ಶಿಪ್ಪಿನಲ್ಲಿ. ಬೆಳಿಗ್ಗೆಯಿಂದ ಸಂಜೆವರೆಗೆ ಆಸ್ಪತ್ರೆಯಲ್ಲಿ ದುಡಿಯಬೇಕು, ಹಲವು ಕಡೆ ಕೈಗೆ ಏನೂ ಸಿಗುವುದಿಲ್ಲ, ಸಿಕ್ಕಿದರೂ ಬಸ್ಸಿಗೆ ಸಾಲುವಷ್ಟು. ‘ಓದು ಮುಗಿಯಿತಲ್ಲ’ ಎಂದು ಮನೆಯವರು ಸಂಪಾದನೆ ಎದುರು ನೋಡುವ ಹೊತ್ತು ಅದು. ಆಗ ಬಿಟ್ಟರೆ ಪದವಿಯೇ ಇಲ್ಲ, ಹಿಂದಿನ ವರ್ಷಗಳಿಗೆ ನೀವು ಕೊಟ್ಟದ್ದೂ ನೀರಿಗೆ ಹಾಕಿದ ಹಾಗೆ. ಆದ್ದರಿಂದ ಹತ್ತು ಮಕ್ಕಳಿಗೆ ಒಂದು ವರ್ಷ ಕೊಡುವ ಬದಲು ಎರಡು ಮಕ್ಕಳನ್ನು ಐದು ವರ್ಷ ಹಿಡಿದುಕೊಳ್ಳಿ. ಪಟ್ಟಿಯಲ್ಲಿ ಹೆಸರುಗಳು ಕಡಿಮೆಯಾಗುತ್ತವೆ, ಪರವಾಗಿಲ್ಲ. ರೋಗಿಯನ್ನು ನಾಲ್ಕು ಹೆಜ್ಜೆ ನಡೆಸಿ ನಡುದಾರಿಯಲ್ಲಿ ಕೈಬಿಡುವ ಫಿಸಿಯೋಥೆರಪಿಸ್ಟ್ ಇಲ್ಲ. ನಾವು ಮಾತ್ರ ಯಾಕೆ ಹಾಗೆ ಮಾಡಬೇಕು?

ರಿಕ್ಷಾ ಚಾಲಕರ ಮಗಳು ಒಂದು ದಿನ ಆಸ್ಪತ್ರೆಯ ವಿಭಾಗದಲ್ಲಿ ಕುಳಿತು ನೋಡಿ ಬಂದಳು. ಹೇಗಿತ್ತು ಎಂದು ಕೇಳಿದೆ. ‘ಒಬ್ಬರು ಅಜ್ಜಿ ಗೋಡೆ ಹಿಡಿದು ಆರು ಹೆಜ್ಜೆ ನಡೆದರು ಸರ್. ಏಳನೆಯದಕ್ಕೆ ಕುಳಿತುಬಿಟ್ಟರು. ಅಲ್ಲಿದ್ದ ಅಕ್ಕ ನಾಳೆ ಏಳು ಮಾಡುವ ಅಂದರು. ಅದನ್ನು ನೋಡಲು ನಾಳೆಯೂ ಹೋಗಬಹುದಾ?’ ಎಂದಳು. ಅವಳ ಅರ್ಜಿ ಸಮಿತಿಯ ಮುಂದಿದೆ. ಐದು ವರ್ಷದ ಖರ್ಚಿನ ಹಾಳೆ ಅದರ ಜೊತೆಗಿದೆ. ನನ್ನ ಪಾಲಿನ ಒಪ್ಪಿಗೆ ನಾನು ಬರೆದಿದ್ದೇನೆ. ಇಪ್ಪತ್ತು ವರ್ಷ ತಡವಾಗಿ, ಬೇರೊಬ್ಬಳ ಅರ್ಜಿಯ ಮೇಲೆ.

ಅಲ್ಲಾಹನು ಕೊಟ್ಟವರ ದಾನವನ್ನೂ ಕಲಿಯುವವರ ಶ್ರಮವನ್ನೂ ಸ್ವೀಕರಿಸಲಿ.